ಇಟ್ಟಿಗೆಯನ್ನು ಮುಟ್ಟದ ತಿರುಪು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮೂರನೆಯ ಮಾತೊಂದನ್ನು ಹೇಳದೆ ಬಿಟ್ಟರೆಂದು ತೋರುತ್ತದೆ. ಕಟ್ಟಿದ ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡು ನೋಡುವುದೂ ಸುಲಭದ ಕೆಲಸವಲ್ಲ. ಇಂದು ಬಾಗಿಲು ನೆಲಕ್ಕೆ ಉಜ್ಜುತ್ತದೆ. ನಾಳೆ ಕಿಟಕಿಯ ಕೊಂಡಿ ಕೈಗೆ ಬರುತ್ತದೆ. ನಾಡಿದ್ದು ಅಡಿಗೆಮನೆಯ ಹಲಗೆ ಡಬ್ಬಿಗಳ ಸಮೇತ ಕೆಳಕ್ಕೆ ಬೀಳುತ್ತದೆ. ಇವೆಲ್ಲಕ್ಕೂ ಮೂಲವನ್ನು ಹುಡುಕುತ್ತ ಹೋದರೆ ಬಹುಮಟ್ಟಿಗೆ ಸಿಕ್ಕುವುದು ಬೆರಳಿನುದ್ದವೂ ಇಲ್ಲದ ಒಂದು ತಿರುಪುಮೊಳೆ. ಅಂಗಡಿಯಲ್ಲಿ ನಾವೆಲ್ಲ ಸ್ಕ್ರೂ ಎಂದು ಕೇಳುವ, ಹಳಬರು ಪೇಚು ಎನ್ನುವ ಈ ಸಣ್ಣ ವಸ್ತುವನ್ನು ಆರಿಸುವುದರಲ್ಲಿ ಒಂದು ವಿವೇಕವಿದೆ. ಆ ವಿವೇಕ ತಪ್ಪಿದರೆ ಹೋಗುವುದು ಕೆಲವು ರೂಪಾಯಿಗಳು ಮಾತ್ರವೆಂದು ತಿಳಿಯಬಾರದು.

ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶವನ್ನು ಬಲ್ಲವರಿಗೆ ಅಲ್ಲಿನ ಕಲ್ಲಿನ ಭವನದ ಪರಿಚಯ ಇದ್ದೇ ಇರುತ್ತದೆ. ‘ಐವಾನ್-ಎ-ಶಾಹಿ’ ಎಂದರೆ ರಾಜಭವನವೆಂದೇ ಅರ್ಥ. ನಿಜಾಮರ ಕಾಲದ ಈ ಕಟ್ಟಡ ಈಗ ಸರ್ಕಾರದ ಅತಿಥಿಗೃಹ. ರಾಜರು ಹೋದರು, ಮಂತ್ರಿಗಳು ಬಂದು ಇಳಿದುಕೊಂಡು ಹೋದರು. ಭವನ ಮಾತ್ರ ನಿಂತಿದೆ. ಅದರ ಹೆಸರನ್ನೇ ಹೊತ್ತ ಬಡಾವಣೆಯಲ್ಲಿ ಹಳೆಯ ಕಲ್ಲಿನ ಗೋಡೆಯ ಮನೆಗಳೂ ಹೊಸ ಇಟ್ಟಿಗೆಯ ಮನೆಗಳೂ ಒಂದರ ಪಕ್ಕದಲ್ಲೊಂದು ಇವೆ. ಅಂಥ ಒಂದು ಮನೆಯಲ್ಲಿ ಕಚೇರಿಯ ಗುಮಾಸ್ತರೊಬ್ಬರ ಸಂಸಾರ. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ, ಎಪ್ಪತ್ತೆಂಟು ದಾಟಿದ ಮುತ್ಯಾ.

ಮುತ್ಯಾನಿಗೆ ಮಂಡಿನೋವು. ಬಚ್ಚಲಿನಲ್ಲಿ ಕುಳಿತವರು ಏಳುವುದಕ್ಕೆ ಆಸರೆ ಬೇಕೆಂದು ಮಗ ಉಕ್ಕಿನ ಹಿಡಿಗಂಬಿಯೊಂದನ್ನು ತಂದು, ಬಡಿಗೇರನನ್ನು ಕರೆಸುವಷ್ಟು ದೊಡ್ಡ ಕೆಲಸವೇನಿದೆಯೆಂದು ತಾವೇ ಗೋಡೆಗೆ ಹಚ್ಚಿದರು. ಕಂಬಿಯ ಜೊತೆಗೆ ಬಂದಿದ್ದ ತಿರುಪುಗಳ ಪೊಟ್ಟಣ ಎಲ್ಲಿಯೋ ಕಳೆದುಹೋಗಿತ್ತು. ಹಜಾರದ ಚಾವಣಿಯ ಅಲಂಕಾರ ಮಾಡಿಸಿದಾಗ ಉಳಿದಿದ್ದ ಕಪ್ಪು ತಿರುಪುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದವು. ತೂತಿಗೆ ಸರಿಯಾಗಿ ಹಿಡಿಸಿದವು, ಬಿಗಿಯಾಗಿಯೂ ಕುಳಿತವು. ಎಳೆದು ನೋಡಿದರೆ ಅಲುಗಲಿಲ್ಲ. ಕೆಲಸ ಮುಗಿಯಿತೆಂದು ಎಲ್ಲರೂ ಸಂತೋಷಪಟ್ಟರು.

ಏಳು ತಿಂಗಳು ಕಂಬಿ ನಿಂತಿತು. ಎಂಟನೆಯ ತಿಂಗಳಿನ ಒಂದು ಬೆಳಿಗ್ಗೆ ಮುತ್ಯಾ ಎದ್ದು ನಿಲ್ಲಲು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಾಗ, ಒಂದು ಕಡೆಯ ಮೂರು ತಿರುಪುಗಳೂ ಟೈಲಿನ ಚೂರಿನೊಡನೆ ಕಿತ್ತುಬಂದವು. ದೇವರ ದಯೆಯಿಂದ ಪಕ್ಕದಲ್ಲಿ ನೀರಿನ ಡ್ರಮ್ಮು ಇತ್ತು. ಅದರ ಮೇಲೆ ವಾಲಿಕೊಂಡರು. ಮಣಿಕಟ್ಟು ಉಳುಕಿತು, ಅಷ್ಟೇ. ಆದರೆ ಬಿದ್ದ ಸದ್ದಿಗೆ ಓಡಿಬಂದ ಮಗ ಕೈಯಲ್ಲಿ ಹಿಡಿದು ನೋಡಿದ್ದು ತಂದೆಯ ಮಣಿಕಟ್ಟನ್ನಲ್ಲ, ನೆಲದ ಮೇಲೆ ಬಿದ್ದಿದ್ದ ಆ ತಿರುಪುಗಳನ್ನು. ಮುರಿದಿರಲಿಲ್ಲ, ಬಾಗಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

ಅಂದು ಸಂಜೆ ಹಿರಿಯ ಬಡಿಗೇರರೊಬ್ಬರು ಬಂದರು. ಮಾತಾಡದೆ ಬೆಂಕಿಕಡ್ಡಿಯೊಂದನ್ನು ಗೋಡೆಯ ತೂತಿನಲ್ಲಿ ಇಳಿಸಿ, ಒಡೆದ ಟೈಲಿನ ಅಂಚನ್ನು ಅಳೆದರು. ಆಮೇಲೆ ತಿರುಪನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದರು:

“ಇದು ಗ್ವಾಡಿಗಿ ಹತ್ತೇ ಇಲ್ರೀ ಸರ್. ಬರೇ ಟೈಲಿಗಿ, ಗಿಲಾವಿಗಿ ಹಿಡ್ಕೊಂಡು ನಿಂತಿತ್ತು.”

ಲೆಕ್ಕ ಬಹಳ ಸರಳ. ತಿರುಪಿನ ಉದ್ದ 25 ಮಿಲಿಮೀಟರು, ಅಂದರೆ ಒಂದು ಇಂಚು. ಕಂಬಿಯ ಬಿಲ್ಲೆಯ ದಪ್ಪ 2 ಮಿಲಿಮೀಟರು. ಟೈಲು 8. ಅದರ ಹಿಂದಿನ ಗಾರೆ 15. ಎರಡೂ ಎಂಟೂ ಹದಿನೈದೂ ಸೇರಿದರೆ ಇಪ್ಪತ್ತೈದು. ತಿರುಪಿನ ಉದ್ದವೆಲ್ಲ ಅಲ್ಲಿಗೇ ತೀರಿತು. ಗೋಡೆಯೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಆ ಇಟ್ಟಿಗೆಯನ್ನು ಅದು ಒಂದು ದಿನವೂ ಮುಟ್ಟಿರಲಿಲ್ಲ. ದಿನವೂ ಒಳಕ್ಕೆ ಇಳಿಯುತ್ತಿದ್ದ ನೀರು ಗಾರೆಯನ್ನು ಸಡಿಲಗೊಳಿಸಿತು. ಮಗ ಎಳೆದು ನೋಡಿದ್ದು ಕೈಬಲದಿಂದ. ಮುತ್ಯಾ ಎಳೆದದ್ದು ಮೈಭಾರದಿಂದ.

“ಸ್ಕ್ರೂ ಕೊಳ್ಳೋದಕ್ಕಿಂತ ಮೊದಲು ಮೂರು ಮಾತು ಕೇಳ್ಬೇಕ್ರಿ,” ಎಂದರು ಬಡಿಗೇರರು. “ಏನು ಹಚ್ಚೋದು, ಎದಕ್ಕ ಹಚ್ಚೋದು, ಅದರ ಮ್ಯಾಲ ಯಾರ ಭಾರ ಬೀಳ್ತದ?”

ಶಾಸ್ತ್ರವೆಲ್ಲ ಈ ಮೂರು ಪ್ರಶ್ನೆಗಳಲ್ಲಿಯೇ ಅಡಗಿದೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಪ್ರತಿಯೊಬ್ಬ ಗೃಹಸ್ಥನಿಗೂ ಉಪಯುಕ್ತ.

ನಂಬರು ಮತ್ತು ಉದ್ದ

ಅಂಗಡಿಗೆ ಹೋಗಿ “ಸ್ಕ್ರೂ ಕೊಡಿ” ಎಂದರೆ ಅಂಗಡಿಯವನು ಎರಡು ವಿಷಯಗಳನ್ನು ಕೇಳುತ್ತಾನೆ: ಎಷ್ಟು ಉದ್ದ, ಎಷ್ಟು ನಂಬರು? ನಂಬರೆಂದರೆ ದಪ್ಪ. ಈ ನಂಬರುಗಳ ಹಿಂದೆ ಒಂದು ಹಳೆಯ ಇಂಗ್ಲಿಷ್ ಲೆಕ್ಕವಿದೆ. ಇಂಚಿನ ಸಾವಿರದಲ್ಲಿ 60 ಭಾಗದಿಂದ ಆರಂಭಿಸಿ ಒಂದೊಂದು ನಂಬರಿಗೂ 13 ಭಾಗಗಳನ್ನು ಕೂಡಿಸುತ್ತ ಹೋಗಬೇಕು. ಅದರಂತೆ 6ನೆಯ ನಂಬರಿನ ದಪ್ಪ ಸುಮಾರು 3.5 ಮಿಲಿಮೀಟರು, 8ನೆಯದು 4.2, 10ನೆಯದು 4.8, 12ನೆಯದು 5.5. ನಂಬರು ಹೆಚ್ಚಿದಂತೆ ದಪ್ಪವೂ ಹೆಚ್ಚುತ್ತದೆಂಬುದನ್ನು ನೆನಪಿಟ್ಟರೆ ಸಾಕು.

ಉದ್ದದ ವಿಷಯದಲ್ಲಿ ನಮ್ಮ ಪೇಟೆಯಲ್ಲಿ ಎರಡು ಭಾಷೆಗಳಿವೆ. ದಶಮಾನ ಅಳತೆಯ ಕಾಯಿದೆ ನಮ್ಮ ದೇಶದಲ್ಲಿ ಆದುದು 1956ರಲ್ಲಿ. ಕಲಬುರಗಿ ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದೂ ಅದೇ ವರ್ಷ. ರಾಜ್ಯ ಬದಲಾದದ್ದು ಒಂದೇ ದಿನದಲ್ಲಿ. ಅಳತೆ ಮಾತ್ರ ಇನ್ನೂ ಪೂರ್ತಿ ಬದಲಾಗಿಲ್ಲ. ಪೆಟ್ಟಿಗೆಯ ಮೇಲೆ 38 ಮಿಲಿಮೀಟರು ಎಂದು ಅಚ್ಚಾಗಿದ್ದರೂ ಬಡಿಗೇರರ ಬಾಯಲ್ಲಿ ಅದು ‘ದೀಡ ಇಂಚು’. 19 ಮಿಲಿಮೀಟರು ‘ಪೌಣ ಇಂಚು’. ಎರಡನ್ನೂ ತಿಳಿದವನು ಮೋಸಹೋಗುವುದಿಲ್ಲ. ಒಂದು ಇಂಚಿಗೆ 25.4 ಮಿಲಿಮೀಟರು ಎಂಬ ಲೆಕ್ಕವೊಂದಿದ್ದರೆ ಆಯಿತು.

ಮರಕ್ಕೆ ಮರವನ್ನು ಜೋಡಿಸುವಾಗ ಎಷ್ಟು ಉದ್ದದ ತಿರುಪು ಬೇಕು? ಮೇಲೆ ಕೂಡಿಸುವ ಹಲಗೆಯ ದಪ್ಪದ ಮೂರರಷ್ಟು ಎಂಬುದು ಹಳೆಯ ನಿಯಮ. ಅರ್ಧ ಇಂಚಿನ ಹಲಗೆಗೆ ದೀಡ ಇಂಚಿನ ತಿರುಪು. ಅದರ ಒಂದು ಪಾಲು ಮೇಲಿನ ಹಲಗೆಯಲ್ಲಿಯೂ ಎರಡು ಪಾಲು ಕೆಳಗಿನ ಮರದಲ್ಲಿಯೂ ಇರಬೇಕು. ಹಿಡಿಯುವುದು ಕೆಳಗಿನ ಮರವೇ ಹೊರತು ಮೇಲಿನದಲ್ಲ. ತುದಿ ಮಾತ್ರ ಹಿಂದಿನಿಂದ ಹೊರಬರದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಮುಂದೆ ಬಟ್ಟೆ ಒಣಗಿಸುವವರ ಸೀರೆಯ ಸೆರಗು ಅದರ ಸಾಕ್ಷಿ ಹೇಳುತ್ತದೆ.

ಮರದ ಸ್ವಭಾವ

ಮೊಳೆಯನ್ನು ಸುತ್ತಿಗೆಯಿಂದ ಹೊಡೆಯುತ್ತೇವೆ, ತಿರುಪನ್ನು ಹೊಡೆಯಬಾರದು. ಹೊಡೆದ ತಿರುಪು ಮರದ ನಾರನ್ನು ಹರಿದುಕೊಂಡು ಹೋಗುತ್ತದೆ. ಅದರ ಸುರುಳಿ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಮೊದಲು ಬೈರಿಗೆಯಿಂದ ದಾರಿ ಮಾಡಿಕೊಡಬೇಕು. 8ನೆಯ ನಂಬರಿನ ತಿರುಪಿಗೆ ತೇಗದಂಥ ಗಟ್ಟಿ ಮರದಲ್ಲಿ 3 ಮಿಲಿಮೀಟರಿನ ತೂತು, ಮೃದುವಾದ ಮರದಲ್ಲಿ ಎರಡೂವರೆ ಮಿಲಿಮೀಟರಿನ ತೂತು ಸಾಕು. ಮೇಲಿನ ಹಲಗೆಯ ತೂತು ಮಾತ್ರ ತಿರುಪಿಗಿಂತ ತುಸು ದೊಡ್ಡದಾಗಿ, ನಾಲ್ಕೂವರೆ ಮಿಲಿಮೀಟರಿನಷ್ಟು ಇರಬೇಕು. ಹೀಗೆ ಮಾಡಿದರೆ ತಿರುಪು ಮೇಲಿನ ಹಲಗೆಯಲ್ಲಿ ಸಲೀಸಾಗಿ ಜಾರಿ ಕೆಳಗಿನ ಮರವನ್ನು ಕಚ್ಚುತ್ತದೆ. ಎರಡೂ ಒಂದಕ್ಕೊಂದು ಸೆಳೆದುಕೊಂಡು ಕೂಡುತ್ತವೆ. ಎರಡರಲ್ಲಿಯೂ ಸುರುಳಿ ಕಚ್ಚಿಕೊಂಡರೆ ನಡುವೆ ಸಂದು ಉಳಿದು, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ತಿರುಪಿಗೆ ಸ್ವಲ್ಪ ಸಾಬೂನು ಅಥವಾ ಮೇಣ ಸವರಿದರೆ ಗಟ್ಟಿ ಮರದಲ್ಲಿಯೂ ಹಾದಿ ಸುಗಮವಾಗುತ್ತದೆ.

ಹಿತ್ತಾಳೆಯ ತಿರುಪುಗಳು ನೋಡಲು ಚೆಂದ, ಆದರೆ ಮೃದು. ಬಲವಂತ ಮಾಡಿದರೆ ಕುತ್ತಿಗೆಯಲ್ಲಿ ಮುರಿಯುತ್ತವೆ. ಅದೇ ಅಳತೆಯ ಉಕ್ಕಿನ ತಿರುಪನ್ನು ಮೊದಲು ಹಾಕಿ, ದಾರಿ ಮಾಡಿ, ತೆಗೆದು, ಅನಂತರ ಹಿತ್ತಾಳೆಯದನ್ನು ಕೂಡಿಸುವುದು ಜಾಣತನ.

ಹಲಗೆಯ ಉದ್ದಕ್ಕೆ ನಾರು ಹರಿದಿರುತ್ತದೆ. ನಾರಿಗೆ ಅಡ್ಡವಾಗಿ ಹೊಕ್ಕ ತಿರುಪು ಭದ್ರ. ಹಲಗೆಯ ತುದಿಯಲ್ಲಿ, ನಾರಿನ ಗುಂಟ ಹೊಕ್ಕ ತಿರುಪಿಗೆ ಹಿಡಿತ ಬಹಳ ಕಡಿಮೆ. ಪ್ಲೈವುಡ್ಡಿನ ಅಂಚಿನಲ್ಲಿ ತಿರುಪು ಹಾಕಿದರೆ ಅದರ ಪದರಗಳು ಬಿಟ್ಟುಕೊಳ್ಳುತ್ತವೆ. ಅಂಥ ಕಡೆ ಒಳಮೂಲೆಗೆ ಸಣ್ಣ ರೀಪನ್ನು ಕೊಟ್ಟು ಅದಕ್ಕೆ ತಿರುಪು ಹಾಕಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳಿಗೆ ಅಗಲವಾದ ಸುರುಳಿಯ ತಿರುಪೇ ಬೇಕು. ಒಮ್ಮೆ ಕಿತ್ತರೆ ಅದೇ ತೂತು ಎರಡನೆಯ ಸಲ ಹಿಡಿಯುವುದು ಅಪರೂಪ.

ಕಲಬುರಗಿಯ ಕಡೆ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ, ಗಾಳಿಯಲ್ಲಿ ಪಸೆಯಿರುವುದಿಲ್ಲ. ಮರ ಅಡ್ಡಗಲಕ್ಕೆ ಕುಗ್ಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯ ಪಸೆಯನ್ನು ಕುಡಿದು ಮತ್ತೆ ಹಿಗ್ಗುತ್ತದೆ. ಮೇ ತಿಂಗಳಿನಲ್ಲಿ ಬಿಜಾಗರಿಯ ತಿರುಪುಗಳು ಸಡಿಲವಾಗುವುದು ಇದರಿಂದಲೇ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದೊಡನೆ ಉಜ್ಜುಗೊರಡಿನಿಂದ ಅಂಚನ್ನು ತೆಗೆಸುವವರುಂಟು. ಅದು ಅವಸರ. ಬೇಸಿಗೆ ಬಂದಾಗ ಆ ಬಾಗಿಲಿನ ಸಂದಿನಲ್ಲಿ ಬೆರಳು ಹೋಗುತ್ತದೆ. ಮೊದಲು ಮೇಲಿನ ಬಿಜಾಗರಿಯನ್ನು ನೋಡಬೇಕು. ಅದರ ತಿರುಪುಗಳು ಸಡಿಲವಾಗಿದ್ದರೆ ಚಿಲಕದ ಕಡೆಯ ಮೂಲೆ ತಗ್ಗಿ, ಬಾಗಿಲು ನೆಲಕ್ಕೆ ಉಜ್ಜುತ್ತದೆ. ಬಾಗಿಲಿನ ತಪ್ಪೆಂದು ತೋರುವುದು ಎಷ್ಟೋ ಸಲ ಮೂರು ತಿರುಪುಗಳ ತಪ್ಪು.

ಹಾಗೆ ಸಡಿಲವಾದ ತೂತಿಗೆ ಇನ್ನೂ ದಪ್ಪನೆಯ ತಿರುಪನ್ನು ತುರುಕುವುದು ಎಲ್ಲರೂ ಮಾಡುವ ತಪ್ಪು. ದಪ್ಪ ತಿರುಪಿನ ತಲೆ ಬಿಜಾಗರಿಯ ಕುಳಿಯಲ್ಲಿ ಕೂಡುವುದಿಲ್ಲ. ತಲೆ ಹೊರಗೆ ನಿಂತರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಅದೇ ನಂಬರಿನ, ತುಸು ಉದ್ದನೆಯ ತಿರುಪು ಹೊಸ ಮರವನ್ನು ಮುಟ್ಟುತ್ತದೆ, ಅಷ್ಟೇ ಸಾಕಾಗಬಹುದು. ಅದೂ ಆಗದಿದ್ದರೆ ಮದ್ದು ತೆಗೆದ ಬೆಂಕಿಕಡ್ಡಿಗಳನ್ನೋ ಬಿದಿರಿನ ಸೀಳುಗಳನ್ನೋ ಮರದ ಅಂಟಿನಲ್ಲಿ ಅದ್ದಿ ತೂತಿನಲ್ಲಿ ಗಿಡಿದು, ಒಂದು ರಾತ್ರಿ ಒಣಗಲು ಬಿಟ್ಟು, ಮೇಲಿನದನ್ನು ಕತ್ತರಿಸಿ, ಹೊಸದಾಗಿ ತೂತು ಕೊರೆದು ತಿರುಪು ಹಾಕಬೇಕು. ಖರ್ಚು ಏನೂ ಇಲ್ಲ. ಬೇಕಾದುದು ಒಂದು ರಾತ್ರಿಯ ತಾಳ್ಮೆ.

ತಲೆಯ ವಿಚಾರ

ತಿರುಪಿನ ತಲೆಯಲ್ಲಿ ಎರಡು ಬಗೆ ಮುಖ್ಯ. ಚಪ್ಪಟೆಯಾಗಿ ಒಳಕ್ಕೆ ಕೂಡುವ ತಲೆ ಒಂದು. ಗುಂಡಾಗಿ ಹೊರಗೆ ನಿಲ್ಲುವ ತಲೆ ಇನ್ನೊಂದು. ಕುಳಿಯಿರುವ ಕಡೆ ಚಪ್ಪಟೆ ತಲೆ, ಕುಳಿಯಿಲ್ಲದ ತೆಳುವಾದ ತಗಡಿಗೆ ಗುಂಡು ತಲೆ. ಇದನ್ನು ಅದಲುಬದಲು ಮಾಡಿದರೆ ತಗಡು ಸೀಳುತ್ತದೆ ಇಲ್ಲವೆ ಬಾಗಿಲು ನಿಲ್ಲುತ್ತದೆ.

ತಲೆಯ ಮೇಲಿನ ಗುರುತಿಗೂ ಒಂದು ಚರಿತ್ರೆಯಿದೆ. ಮೊದಲು ಇದ್ದುದು ಒಂದೇ ಸೀಳು. ಕೂಡುಗೆರೆಯ ತಲೆಯನ್ನು ಬಳಕೆಗೆ ತಂದವರು ಅಮೆರಿಕದ ಹೆನ್ರಿ ಫಿಲಿಪ್ಸ್. 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗಳು ಅದನ್ನು ಕೈಕೊಂಡ ಮೇಲೆ ಅದು ಜಗತ್ತೆಲ್ಲ ಹರಡಿತು. ಸ್ಕ್ರೂಡ್ರೈವರ್ ತಾನಾಗಿಯೇ ನಡುವೆ ನಿಲ್ಲುವುದು ಅದರ ಗುಣ. ಆದರೆ ಸ್ಕ್ರೂಡ್ರೈವರಿನ ತುದಿ ತಲೆಯ ಅಳತೆಗೆ ಸರಿಹೊಂದಬೇಕು. ಚಿಕ್ಕ ತುದಿಯಿಂದ ದೊಡ್ಡ ತಲೆಯನ್ನು ತಿರುಗಿಸಿದರೆ ಗುರುತು ಸವೆದು ಬಟ್ಟಲಾಗುತ್ತದೆ; ಆಮೇಲೆ ಅದು ಒಳಕ್ಕೂ ಹೋಗದು, ಹೊರಕ್ಕೂ ಬಾರದು. ಮನೆಯಲ್ಲಿ ಒಂದೇ ಪೇಚಕಸವಿದ್ದರೆ ಸಾಲದು. ಸೀಳಿಗೆ ಎರಡು, ಕೂಡುಗೆರೆಗೆ ಎರಡು ಅಳತೆಯವು ಇರಬೇಕು.

ತುಕ್ಕು ಹಿಡಿದ ತಿರುಪನ್ನು ತೆಗೆಯುವಾಗ ಮೊದಲು ಸೀಳಿನೊಳಗಿನ ಬಣ್ಣವನ್ನು ಕೆರೆದು ಸ್ವಚ್ಛಮಾಡಬೇಕು. ಎಣ್ಣೆಯ ಎರಡು ತೊಟ್ಟು ಬಿಟ್ಟು ಕಾಯಬೇಕು. ಅನಂತರ ಬಿಚ್ಚುವ ಮೊದಲು ಒಂದಿಷ್ಟು ಬಿಗಿಯುವ ಕಡೆಗೇ ತಿರುಗಿಸಬೇಕು. ತುಕ್ಕಿನ ಹಿಡಿತ ಬಿಡುವುದು ಆಗಲೇ. ಜಗಳವಾಡಿದವರನ್ನು ಬಿಡಿಸುವಾಗಲೂ ಲೋಕದಲ್ಲಿ ಇದೇ ಉಪಾಯ ನಡೆಯುವುದುಂಟು.

ಗೋಡೆಯ ವಿಚಾರ

ಗೋಡೆಗೆ ತಿರುಪನ್ನು ನೇರವಾಗಿ ಹಾಕಲಾಗದು. ಇಟ್ಟಿಗೆ ಮರದಂತೆ ಸುರುಳಿಗೆ ಎಡೆಗೊಡುವುದಿಲ್ಲ, ಪುಡಿಯಾಗುತ್ತದೆ. ಹಿಂದಿನ ಬಡಿಗೇರರು ಗೋಡೆಯಲ್ಲಿ ಕುಳಿ ತೋಡಿ, ಒಣಮರದ ಬೆಣೆಯನ್ನು ಹೊಡೆದು, ಆ ಬೆಣೆಗೆ ತಿರುಪು ಹಾಕುತ್ತಿದ್ದರು. ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಎಂಬವರು ಸುಮಾರು 1911ರಲ್ಲಿ ನಾರಿನಿಂದ ಮಾಡಿದ ಸಣ್ಣ ಕೊಳವೆಯನ್ನು ಕಂಡುಹಿಡಿದರು. ನಮ್ಮ ಅಂಗಡಿಗಳಲ್ಲಿ ಇಂದಿಗೂ ‘ರಾವಲ್ ಪ್ಲಗ್’ ಎಂಬ ಮಾತು ಕೇಳಿಬರುವುದು ಆ ಹೆಸರಿನಿಂದಲೇ. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ನೈಲಾನಿನ ಪ್ಲಗ್ಗನ್ನು ರೂಪಿಸಿದರು. ಎಲ್ಲದರ ತತ್ತ್ವ ಒಂದೇ: ತಿರುಪು ಒಳಹೊಕ್ಕಂತೆ ಪ್ಲಗ್ಗು ಹಿಗ್ಗಿ ತೂತಿನ ಸುತ್ತಲೂ ಒತ್ತಿ ನಿಲ್ಲುತ್ತದೆ. ಸುತ್ತಲೂ ಇರುವುದು ಗಟ್ಟಿಯಾಗಿದ್ದರೆ ಮಾತ್ರ ಈ ಒತ್ತಿಗೆ ಬೆಲೆ. ಗಾರೆಯಲ್ಲಿ ಹಿಗ್ಗಿದ ಪ್ಲಗ್ಗು ಗಾರೆಯನ್ನು ಒಡೆಯುತ್ತದೆ. ಟೈಲಿನಲ್ಲಿ ಹಿಗ್ಗಿದ್ದು ಟೈಲನ್ನೇ ಸೀಳುತ್ತದೆ.

ಆದುದರಿಂದ ಮೂರೂ ಅಳತೆಗಳು ಒಂದಕ್ಕೊಂದು ಹೊಂದಬೇಕು. 8 ಮಿಲಿಮೀಟರಿನ ಪ್ಲಗ್ಗಿಗೆ 8 ಮಿಲಿಮೀಟರಿನದೇ ತೂತು. ತೂತಿನ ಆಳ ತಿರುಪು ಮುಟ್ಟುವ ಜಾಗಕ್ಕಿಂತ ತುಸು ಹೆಚ್ಚಿರಬೇಕು. ಕೊರೆದ ಪುಡಿಯನ್ನು ಊದಿ ತೆಗೆಯಬೇಕು. ತಿರುಪಿನ ತುದಿ ಪ್ಲಗ್ಗನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋದರೆ ಒಳ್ಳೆಯದು. ಸಿಮೆಂಟಿನ ಪೊಳ್ಳು ಇಟ್ಟಿಗೆಗೂ ಹಗುರವಾದ ಬಿಳಿಯ ಇಟ್ಟಿಗೆಗೂ ಸಾಮಾನ್ಯ ಪ್ಲಗ್ಗು ಸಲ್ಲದು; ಅವಕ್ಕೆಂದೇ ಮಾಡಿದ ಬೇರೆ ಪ್ಲಗ್ಗುಗಳಿವೆ.

ಹಳೆಯ ಕಲ್ಲಿನ ಮನೆಗಳ ಲೆಕ್ಕ ಬೇರೆ. ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಕೊರೆದರೆ ಯಂತ್ರ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಅದು ಶುಭಸೂಚನೆಯಲ್ಲ, ಒಳಗಿರುವುದು ಮಣ್ಣು ಅಥವಾ ಸುಣ್ಣ. ಕಲ್ಲಿನಲ್ಲಿಯೇ ಕೊರೆಯಬೇಕು, ನಿಧಾನವಾಗಿ ಕೊರೆಯಬೇಕು. ಈ ಭಾಗದ ಹೆಮ್ಮೆಯಾದ ಶಹಾಬಾದ ಫರಸಿ ಪದರು ಪದರಾಗಿ ಕೂಡಿದ ಸುಣ್ಣಕಲ್ಲು. ಅದರ ಅಂಚಿನ ಹತ್ತಿರ ಯಂತ್ರದ ಬಡಿತವನ್ನು ಹಾಕಿ ಕೊರೆದರೆ ಚಕ್ಕೆ ಎದ್ದುಬರುತ್ತದೆ. ಅಂಚಿನಿಂದ ದೂರ ಸರಿದು, ಬಡಿತವನ್ನು ನಿಲ್ಲಿಸಿ, ನಡುನಡುವೆ ನೀರಿನ ಹನಿ ಬಿಟ್ಟು ಕೊರೆಯುವುದು ಕ್ರಮ. ಟೈಲಿಗೂ ಇದೇ ಕ್ರಮ: ಟೈಲನ್ನು ದಾಟುವವರೆಗೆ ಬಡಿತ ಬೇಡ. ಫರಸಿಯ ಮಾಳಿಗೆಗೆ ಮಾತ್ರ ತೂತು ಕೊರೆಯಲೇಬಾರದು. ಮೇಲಿನಿಂದ ತೂಗುವ ಪಂಖದ ಭಾರವನ್ನು ತಿರುಪಿನ ಮೇಲೆ ಬಿಡಬಾರದು; ತೊಲೆಗೋ ಕಬ್ಬಿಣದ ಗರ್ಡರಿಗೋ ಭದ್ರಪಡಿಸಿದ ಕೊಕ್ಕೆಯೇ ಅದಕ್ಕೆ ತಕ್ಕ ಸ್ಥಾನ.

ಕೊರೆಯುವ ಮೊದಲು ಇನ್ನೊಂದು ಎಚ್ಚರ. ಗೋಡೆಯೊಳಗೆ ವಿದ್ಯುತ್ತಿನ ತಂತಿ ಹೋಗಿರುತ್ತದೆ. ಸಾಮಾನ್ಯವಾಗಿ ಗುಂಡಿಯ ಹಲಗೆಯ ನೇರ ಮೇಲಕ್ಕೆ ಅಥವಾ ಕೆಳಕ್ಕೆ ಅದರ ಹಾದಿ. ನಲ್ಲಿಯ ಕೊಳವೆಯದೂ ಹಾಗೆಯೇ. ಆ ಗೆರೆಗಳನ್ನು ಬಿಟ್ಟು ಕೊರೆಯಬೇಕು. ಸಂಶಯವಿದ್ದರೆ ಆ ಕೋಣೆಯ ವಿದ್ಯುತ್ತನ್ನು ನಿಲ್ಲಿಸಿ, ಬೇರೆ ಕೋಣೆಯಿಂದ ತಂತಿ ಎಳೆದುಕೊಳ್ಳಬೇಕು.

ಭಾರದ ವಿಚಾರ

ಹಲಗೆಯ ಮೇಲೆ ಹದಿನೈದು ಕಿಲೋ ಇಟ್ಟರೆ ತಿರುಪಿನ ಮೇಲೆ ಬೀಳುವುದು ಹದಿನೈದು ಕಿಲೋ ಎಂದು ತಿಳಿಯುವುದು ಸಹಜ. ಅದು ಅಷ್ಟು ಸರಳವಲ್ಲ. ಹಲಗೆ ಒಂದು ಸನ್ನೆಕೋಲು. ಹಲಗೆಯ ಅಗಲ 30 ಸೆಂಟಿಮೀಟರು, ಅದನ್ನು ಹೊತ್ತ ಕೋನಪಟ್ಟಿಯ ಎತ್ತರ 20 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಭಾರ ನಡುವೆ, ಅಂದರೆ ಗೋಡೆಯಿಂದ 15 ಸೆಂಟಿಮೀಟರಿನಲ್ಲಿದ್ದರೆ, ಮೇಲಿನ ತಿರುಪುಗಳನ್ನು ಹೊರಕ್ಕೆ ಎಳೆಯುವ ಬಲ ಹದಿನೈದನ್ನು ಹದಿನೈದರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದಷ್ಟು: ಸುಮಾರು ಹನ್ನೊಂದು ಕಿಲೋ. ಅದೇ ಭಾರವನ್ನು ಹಲಗೆಯ ಅಂಚಿಗೆ ಸರಿಸಿದರೆ ಇಪ್ಪತ್ತೆರಡೂವರೆ ಕಿಲೋ. ಹೆಚ್ಚಾದದ್ದು ಸಾಮಾನಲ್ಲ, ದೂರ. ಇದನ್ನು ತಿಳಿದ ಗೃಹಿಣಿ ಎಣ್ಣೆಯ ಡಬ್ಬವನ್ನು ಗೋಡೆಗೆ ಒತ್ತಿ ಇಡುತ್ತಾಳೆ, ಹಗುರವಾದ ಹಪ್ಪಳದ ಡಬ್ಬವನ್ನು ಮುಂದೆ ಇಡುತ್ತಾಳೆ. ಎತ್ತರವಾದ ಕೋನಪಟ್ಟಿ ಕುಳ್ಳಗಿನದಕ್ಕಿಂತ ಏಕೆ ಒಳ್ಳೆಯದೆಂಬುದಕ್ಕೂ ಇದೇ ಲೆಕ್ಕ ಉತ್ತರ.

ಕೊನೆಯದಾಗಿ ಲೋಹದ ಮಾತು. ಕಪ್ಪು ತಿರುಪುಗಳು ಚಾವಣಿಯ ಜಿಪ್ಸಮ್ ಹಲಗೆಗಾಗಿ ಹುಟ್ಟಿದವು. ಗಡುಸಾದುದರಿಂದ ಬಾಗುವುದಿಲ್ಲ, ಅಡ್ಡಭಾರ ಬಿದ್ದರೆ ಪಟ್ಟನೆ ಮುರಿಯುತ್ತವೆ. ನೀರು ಸೋಕಿದರೆ ಬೇಗ ತುಕ್ಕು ಹಿಡಿಯುತ್ತವೆ. ಒಳಗಿನ ಒಣ ಜಾಗಕ್ಕೆ ಸತುವಿನ ಲೇಪದ ಉಕ್ಕು ಸಾಕು. ಬಚ್ಚಲಿಗೆ, ಅಂಗಳಕ್ಕೆ, ನೀರಿನ ತೊಟ್ಟಿಯ ಹತ್ತಿರಕ್ಕೆ ತುಕ್ಕು ಹಿಡಿಯದ ಉಕ್ಕೇ ಬೇಕು. ಬೆಲೆ ಕೆಲವು ರೂಪಾಯಿ ಹೆಚ್ಚು. ಆ ಉಳಿತಾಯದ ಬೆಲೆ ಎಷ್ಟೆಂಬುದು ಐವಾನ್-ಎ-ಶಾಹಿಯ ಮನೆಯವರಿಗೆ ತಿಳಿದಾಗಿತ್ತು.

ಮರುದಿನ ಅಂಗಡಿಗೆ ಹೋದವರು ಸೊಸೆ. ಅಂಗಡಿಯ ಹುಡುಗ ಕಂಡ ಪೊಟ್ಟಣವನ್ನು ಮುಂದಿಟ್ಟಾಗ ಆಕೆ ಕೊಳ್ಳಲಿಲ್ಲ. ಬಡಿಗೇರರ ಮೂರು ಪ್ರಶ್ನೆಗಳನ್ನೂ ಅವನ ಮುಂದೆ ಇಟ್ಟರು: ಹಚ್ಚುವುದು ಹಿಡಿಗಂಬಿ, ಹಚ್ಚುವುದು ಟೈಲಿನ ಹಿಂದಿನ ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆಗೆ, ಬೀಳುವುದು ಮಾವನವರ ಪೂರ್ತಿ ಭಾರ. ಹುಡುಗ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಂಡು, ಏಣಿ ಹತ್ತಿ ಬೇರೆ ಪೆಟ್ಟಿಗೆಯನ್ನು ಇಳಿಸಿದನು. ತುಕ್ಕು ಹಿಡಿಯದ ಉಕ್ಕಿನ, 12ನೆಯ ನಂಬರಿನ, 75 ಮಿಲಿಮೀಟರಿನ ತಿರುಪುಗಳು. 40 ಮಿಲಿಮೀಟರು ಉದ್ದದ ನೈಲಾನ್ ಪ್ಲಗ್ಗುಗಳು. ಬಿಲ್ಲೆ, ಟೈಲು, ಗಾರೆಗಳು ನುಂಗುವ 25ನ್ನು ಕಳೆದರೂ ಇಟ್ಟಿಗೆಯ ಪಾಲಿಗೆ 50 ಉಳಿಯುತ್ತದೆ.

ಬಡಿಗೇರರು ಹಳೆಯ ತೂತುಗಳನ್ನು ಸಿಮೆಂಟಿನಿಂದ ತುಂಬಿ, ಒಡೆದ ಟೈಲನ್ನು ಬಿಟ್ಟು, ಒಂದು ಗೇಣು ಸರಿದು ಹೊಸ ತೂತುಗಳನ್ನು ಕೊರೆದರು. ಪ್ಲಗ್ಗುಗಳನ್ನು ಟೈಲನ್ನೂ ಗಾರೆಯನ್ನೂ ದಾಟಿಸಿ ಇಟ್ಟಿಗೆಯವರೆಗೆ ಒಳಕ್ಕೆ ತಳ್ಳಿದರು. ಕಂಬಿ ಕೂಡಿಸಿ, ಬಿಲ್ಲೆಯ ಸುತ್ತ ನೀರು ಇಳಿಯದಂತೆ ಅಂಟು ಹಚ್ಚಿದರು. ಆಮೇಲೆ ಮಗನ ಕಡೆಗೆ ತಿರುಗಿ, “ಮೊದಲು ನೀವು ಜೋತು ಬೀಳ್ರಿ ಸರ್. ನಿಮಗ ತಾಳಿದ್ರ ಯಜಮಾನ್ರಿಗೂ ತಾಳ್ತದ,” ಎಂದರು. ಮಗ ಎರಡೂ ಕೈಯಿಂದ ಹಿಡಿದು, ಕಾಲನ್ನು ಮಡಚಿ ಜೋತುಬಿದ್ದರು. ಮೊಮ್ಮಗ ತಾನೂ ಜೋತುಬೀಳುವೆನೆಂದು ಹಟಮಾಡಿ ಅಪ್ಪನ ಸೊಂಟವನ್ನು ಹಿಡಿದುಕೊಂಡನು. ಕಂಬಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮುತ್ಯಾ ಬಾಗಿಲಲ್ಲಿ ನಿಂತು ನೋಡಿದರು; ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಬಚ್ಚಲಿಗೆ ಹೋದಾಗ ಅವರು ಕಂಬಿಯನ್ನು ಮುಟ್ಟದೆ, ಅಂಗೈಯನ್ನು ಗೋಡೆಗೆ ಒತ್ತಿ, ತಡವರಿಸುತ್ತ ಏಳತೊಡಗಿದರು. ಒಮ್ಮೆ ಕೈಬಿಟ್ಟದ್ದನ್ನು ಮತ್ತೆ ಹಿಡಿಯುವುದು ಮನಸ್ಸಿಗೆ ಸುಲಭವಲ್ಲ. ಹಿಡಿಯಿರೆಂದು ಒತ್ತಾಯಿಸುವ ಧೈರ್ಯ ಮಗನಿಗೂ ಇರಲಿಲ್ಲ. ತಪ್ಪು ಯಾರದೆಂಬುದು ಮನೆಯಲ್ಲಿ ಯಾರ ಬಾಯಲ್ಲಿಯೂ ಬರಲಿಲ್ಲ. ಬಂದಿದ್ದರೆ ಬಹುಶಃ ಹಗುರವಾಗುತ್ತಿತ್ತು.

ಒಂಬತ್ತನೆಯ ದಿನ ನಸುಕಿನಲ್ಲಿ ಸೊಸೆ ಒಲೆಯ ಮುಂದೆ ಇದ್ದರು. ಮಗ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಬಚ್ಚಲಿನಿಂದ ‘ಟಿಣ್’ ಎಂಬ ಸಣ್ಣ ಸದ್ದು ಕೇಳಿತು. ಮುತ್ಯಾನ ಬೆರಳಿನ ಬೆಳ್ಳಿಯ ಉಂಗುರ ಉಕ್ಕಿಗೆ ತಗಲಿದ ಸದ್ದು ಅದು. ಗಂಡಹೆಂಡಿರಿಬ್ಬರೂ ಇದ್ದಲ್ಲಿಯೇ ಉಸಿರು ಹಿಡಿದು ನಿಂತರು. ಬೇರೆ ಯಾವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುತ್ಯಾ ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದು, “ಚಾ ಆಗ್ಯದೇನು?” ಎಂದು ಕೇಳಿದರು.

ಅಂದು ಕಚೇರಿಗೆ ಹೊರಡುವ ಮೊದಲು ಮಗ ಆ ಬಿಸ್ಕತ್ತಿನ ಡಬ್ಬಿಯನ್ನು ಕೆಳಗಿಳಿಸಿ, ಕಪ್ಪು ತಿರುಪುಗಳನ್ನು ಬೇರೆ ಮಾಡಿ, ಚೀಟಿಯ ಮೇಲೆ ‘ಚಾವಣಿಗೆ ಮಾತ್ರ’ ಎಂದು ಬರೆದು ಅಂಟಿಸಿದರು.